ಎಂಟರಿಂದ ಮೂರಕ್ಕೆ

ನೆರೂಳ ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ಈಚೆಗೆ ಜಾಝ್ ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರ ಮೊದಮೊದಲ ಧ್ವನಿಮುದ್ರಿಕೆಗಳನ್ನು ಕೇಳುತ್ತೇನೆ. ಆಫೀಸಿನಲ್ಲಿ ಹನ್ನೊಂದು ಮಂದಿಯಿದ್ದ ನನ್ನ ತಂಡ ನಾಲ್ಕಕ್ಕಿಳಿದ ಮೇಲೆ ಹತ್ತಿದ ಚಟವಿದು.

ಎರಡನೇ ಮಹಾಯುದ್ಧ ಮುಗಿಸಿ ಬಂದ ಬ್ರೂಬೆಕ್, ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನಲ್ಲಿ ದಾರಿಯಸ್ ಮಿಯೋ ಬಳಿ ಕಲಿಯುತ್ತ ಎಂಟು ಜನರ ಮೇಳ ಕಟ್ಟಿದರು. ಅಷ್ಟು ಜನರಿಗೆ ದುಡ್ಡು ಕೊಟ್ಟು ಕರೆಸುವವರು ಅಪರೂಪ. ಕೊನೆಗೆ ಮೂವರೇ ಹೊರಟರು: ಬ್ರೂಬೆಕ್, ಬೇಸ್ ನುಡಿಸುವ ರಾನ್ ಕ್ರಾಟಿ, ಡ್ರಮ್ಸ್‌ನ ಕ್ಯಾಲ್ ಜೇಡರ್.

1949ರಲ್ಲಿ ಕೊರೊನೆಟ್ ಎಂಬ ಸಣ್ಣ ಕಂಪನಿಗೆ ಇವರು 'ಬ್ಲೂ ಮೂನ್', 'ಟೀ ಫಾರ್ ಟೂ' ಮುಂತಾದವನ್ನು ನುಡಿಸಿದರು. ಟ್ರಂಪೆಟ್, ಸ್ಯಾಕ್ಸೋಫೋನ್ ಇಲ್ಲದ ಜಾಗವನ್ನು ಬ್ರೂಬೆಕ್ ಎರಡೂ ಕೈಯ ದಟ್ಟ ಕಾರ್ಡುಗಳಿಂದ ತುಂಬುತ್ತಾರೆ. ಮುಂದಿನ ಮುದ್ರಿಕೆಗಳಲ್ಲಿ ಜೇಡರ್ ಡ್ರಮ್ಸ್ ಬಿಟ್ಟು ವೈಬ್ರಫೋನಿಗೆ, ಬೊಂಗೋಗೆ ಜಿಗಿಯುತ್ತಾರೆ. ಕೊರೊನೆಟ್‌ಗೆ ರೆಕಾರ್ಡು ಅಚ್ಚುಹಾಕಿಸಿದ ಬಿಲ್ ಕಟ್ಟಲಾಗಲಿಲ್ಲ. ಮೂಲ ಮುದ್ರಿಕೆಗಳು ಕಾರ್ಖಾನೆಯ ವೈಸ್ ಸಹೋದರರ ಪಾಲಾದವು. ಅವರ ಫ್ಯಾಂಟಸಿ ಕಂಪನಿಯಲ್ಲಿ ಅರ್ಧ ತಮ್ಮದೆಂದು ಬ್ರೂಬೆಕ್ ನಂಬಿದ್ದರು. ಒಪ್ಪಂದದಲ್ಲಿ ಇದ್ದದ್ದು ಅವರದೇ ಮುದ್ರಿಕೆಗಳ ಅರ್ಧ ಮಾತ್ರ!

1951ರಲ್ಲಿ ಹವಾಯಿಯಲ್ಲಿ ಈಜುವಾಗ ಅವರ ಕತ್ತಿಗೆ ಪೆಟ್ಟಾಗಿ ಈ ತ್ರಿವಳಿ ಮುಗಿಯಿತು. ಆಮೇಲೆ ಪಾಲ್ ಡೆಸ್ಮಂಡ್‌ರ ಸ್ಯಾಕ್ಸೋಫೋನ್ ಸೇರಿ ನಾಲ್ವರ ಮೇಳವಾಯಿತು. 1958ರಲ್ಲಿ ಆ ಮೇಳ ನಮ್ಮ ಕೊಲ್ಲಿಯಾಚೆಯ ಬೊಂಬಾಯಿಗೂ ಬಂತು; ಬ್ರೂಬೆಕ್ ಇಲ್ಲಿ ಸಿತಾರ್ ವಾದಕ ಅಬ್ದುಲ್ ಹಲೀಂ ಜಾಫರ್ ಖಾನ್ ಅವರೊಡನೆ ನುಡಿಸಿದರು.

ಒಬ್ಬರೇ ಮೂರು ವಾದ್ಯ ನುಡಿಸುವುದು ಕೇಳಲು ಸೊಗಸು. ಆದರೆ ಬ್ರೂಬೆಕ್‌ಗೆ ದೊಡ್ಡ ಹೆಸರು ಬಂದದ್ದು ನಾಲ್ಕನೆಯವರು ಸೇರಿದ ಮೇಲೆ. ಸೋಮವಾರದ ಮೀಟಿಂಗಿನಲ್ಲಿ ನಾನೂ ಇನ್ನೊಬ್ಬರನ್ನು ಕೊಡಿ ಎಂದು ಕೇಳುವವನಿದ್ದೇನೆ.