ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ ಟೈಟ್ ಸಾಕ್ಸ್: ಯಾರಿಗೆ ಬೇಕು, ಯಾರಿಗೆ ಬೇಡ?

ಬೆಂಗಳೂರು: ಒಂದು ಕಾಲು ಊದಿ, ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಚೀಟಿಯಲ್ಲಿ 'ಡಿವಿಟಿ' ಅಂತ ಬರೆಸಿಕೊಂಡು ಬಂದವರ ಕೈಲಿ ಸಾಮಾನ್ಯವಾಗಿ ಎರಡು ವಸ್ತು ಇರುತ್ತೆ. ಒಂದು ಮಾತ್ರೆ, ಇನ್ನೊಂದು ಸ್ಟಾಕಿಂಗ್ಸ್ ಬಾಕ್ಸ್. ಕೆಲವು ವಾರಕ್ಕೆ ಊತ ಇಳಿಯುತ್ತೆ. ಆಗ ಮಾತ್ರೆ ಬಿಟ್ಟು ಸಾಕ್ಸ್ ಮಾತ್ರ ಮುಂದುವರಿಸುವವರಿದ್ದಾರೆ. ಇದು ಪೂರ್ತಿ ಉಲ್ಟಾ ಲೆಕ್ಕ. ಹೆಪ್ಪು ಬೆಳೆಯದಂತೆ, ಮತ್ತೆ ಕಟ್ಟದಂತೆ ತಡೆಯೋದು ಮಾತ್ರೆ. ಸಾಕ್ಸ್ ಮಾಡೋದು ಊತ ಮತ್ತು ಭಾರ ಕಡಿಮೆ ಮಾಡುವ ಕೆಲಸ, ಅಷ್ಟೇ.

ಕಾಲಿನಿಂದ ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ನಾಳಗಳಲ್ಲಿ ಎರಡು ಥರ. ಚರ್ಮದ ಕೆಳಗೇ ಇರುವುದು ಒಂದು, ಮಾಂಸಖಂಡದ ಒಳಗೆ ಆಳದಲ್ಲಿರುವುದು ಇನ್ನೊಂದು. ಕಮರ್ಷಿಯಲ್ ಸ್ಟ್ರೀಟ್‌ನ ಬಟ್ಟೆ ಅಂಗಡಿಗಳಲ್ಲಿ, ರಸೆಲ್ ಮಾರ್ಕೆಟ್‌ನಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವವರ ಕಾಲಲ್ಲಿ ಹುರಿಯಂತೆ ಸುತ್ತಿಕೊಂಡು ಕಾಣುವುದು ಮೇಲಿನ ನಾಳ, ಅದು ವೆರಿಕೋಸ್. ಡಿವಿಟಿ ಆಳದ ನಾಳದ್ದು, ಹೊರಗೆ ಕಾಣಲ್ಲ. ಎರಡಕ್ಕೂ ಜನ 'ವೆರಿಕೋಸ್ ಸಾಕ್ಸ್' ಅಂತಲೇ ಕೇಳುವುದರಿಂದ ಎರಡೂ ಒಂದೇ ಕಾಯಿಲೆ ಅನ್ನೋ ಭಾವನೆ ಬೆಳೆದುಬಿಟ್ಟಿದೆ.

ದೊಡ್ಡ ಆಪರೇಷನ್, ಮೂಳೆ ಮುರಿದು ಪ್ಲಾಸ್ಟರ್, ತಿಂಗಳಾನುಗಟ್ಟಲೆ ಹಾಸಿಗೆ, ಬಸುರಿ ಮತ್ತು ಬಾಣಂತಿತನ, ಕ್ಯಾನ್ಸರ್, ಕೆಲವು ಗರ್ಭನಿರೋಧಕ ಮಾತ್ರೆ, ಕೂತಲ್ಲೇ ಕೂತು ಮಾಡುವ ದೂರದ ಪ್ರಯಾಣ, ಇವೆಲ್ಲ ಡಿವಿಟಿಗೆ ದಾರಿ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಉಳುಕು ಅಂತ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಮೊದಲು ಸ್ಕ್ಯಾನ್ ಆಗಲಿ. ಹೆಪ್ಪಿನ ಚೂರು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು, ಕೆಮ್ಮಿದಾಗ ರಕ್ತ, ತಲೆ ಸುತ್ತಿ ಬೀಳುವುದು ಕಂಡರೆ ಆಟೋ ಹುಡುಕುತ್ತಾ ನಿಲ್ಲದೆ 108ಕ್ಕೆ ಕರೆ ಮಾಡಬೇಕು.

ರಕ್ತ ತೆಳು ಮಾಡುವ ಮಾತ್ರೆ ಅಂತ ಎಲ್ಲರೂ ಕರೆಯುವ ಔಷಧಿಯನ್ನು ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಕೊಡುತ್ತಾರೆ. ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತೆ. ವಾರ್ಫರಿನ್ ಅಥವಾ ಅಸಿಟ್ರಾಮ್ ತಗೊಳ್ಳುವವರು ಐಎನ್‌ಆರ್ ರಕ್ತ ಪರೀಕ್ಷೆ ತಪ್ಪಿಸಬಾರದು. ಸೊಪ್ಪಿನ ಸಾರು ತಿನ್ನಬಾರದಾ ಅಂತ ಬಹಳ ಮನೆಗಳಲ್ಲಿ ಕೇಳುತ್ತಾರೆ. ತಿನ್ನಬಹುದು, ಆದರೆ ಒಂದು ವಾರ ದಿನಾ ಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಅನ್ನುವಂತಾಗಬಾರದು. ರಿವರಾಕ್ಸಬಾನ್, ಅಪಿಕ್ಸಬಾನ್ ಥರದ ಹೊಸ ಮಾತ್ರೆಗಳಿಗೆ ಈ ಸೊಪ್ಪಿನ ಲೆಕ್ಕವಿಲ್ಲ. ಯಾವ ಮಾತ್ರೆಯೇ ಆಗಲಿ, ಮೆಡಿಕಲ್ ಶಾಪ್‌ನಲ್ಲಿ ತಾವಾಗಿ ನೋವಿನ ಮಾತ್ರೆ ಕೇಳಿ ನುಂಗಿದರೆ ರಕ್ತಸ್ರಾವದ ಅಪಾಯ ಏರುತ್ತೆ.

ಎರಡು ವರ್ಷ ಹಾಕಲೇಬೇಕಾ?

ಹೆಪ್ಪು ಕರಗಿದರೂ ನಾಳದೊಳಗಿನ ಕವಾಟಗಳು ಹಾಳಾಗಿರಬಹುದು. ಆಗ ರಕ್ತ ಮೇಲೇರದೆ ಕೆಳಗೇ ನಿಲ್ಲುತ್ತೆ. ಸಂಜೆಯಾದರೆ ಊತ, ಕಾಲು ಭಾರ, ತುರಿಕೆ, ಚರ್ಮ ಕಂದು ಬಣ್ಣಕ್ಕೆ ತಿರುಗುವುದು, ಕೊನೆಗೆ ಪಾದದ ಗಂಟಿನ ಹತ್ತಿರ ಮಾಯದ ಹುಣ್ಣು. ಇದನ್ನು ತಡೆಯೋಕೆ ಎರಡು ವರ್ಷ ಸಾಕ್ಸ್ ಹಾಕಿ ಅನ್ನುವುದು ಹಿಂದೆ ಎಲ್ಲೆಡೆ ಇದ್ದ ಸಲಹೆ. 2004ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ ಸಾಕ್ಸ್ ಹಾಕದ 90 ಜನರಲ್ಲಿ 44 ಮಂದಿಗೆ ಈ ತೊಂದರೆ ಬಂದಿತ್ತು, ಹಾಕಿದ 90 ಜನರಲ್ಲಿ 23 ಮಂದಿಗೆ ಮಾತ್ರ.

ಆದರೆ ಅಲ್ಲಿ ಯಾರು ಸಾಕ್ಸ್ ಹಾಕಿದ್ದಾರೆ ಅಂತ ರೋಗಿಗೆ ಗೊತ್ತಿತ್ತು. ಆಮೇಲೆ ಕೆನಡಾ ಮತ್ತು ಅಮೆರಿಕದ 24 ಕೇಂದ್ರಗಳಲ್ಲಿ 806 ಜನರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ನಿಜವಾದ ಸಾಕ್ಸ್, ಅರ್ಧ ಜನಕ್ಕೆ ನೋಡೋಕೆ ಹಾಗೇ ಇರುವ, ಬಿಗಿ ಇಲ್ಲದ ಸಾಕ್ಸ್. 2014ರಲ್ಲಿ ಪ್ರಕಟವಾದ ಫಲಿತಾಂಶ: ತೊಂದರೆ ಬಂದಿದ್ದು ಒಂದು ಗುಂಪಿನಲ್ಲಿ ಶೇ 14.2, ಇನ್ನೊಂದರಲ್ಲಿ ಶೇ 12.7. ವ್ಯತ್ಯಾಸವೇ ಇಲ್ಲ ಅನ್ನಬಹುದು. ಹೆಪ್ಪು ಮರುಕಳಿಸುವುದರಲ್ಲೂ ಅಷ್ಟೇ. ಹಾಗಾಗಿ ಡಿವಿಟಿ ಆದವರಿಗೆಲ್ಲ ಕಡ್ಡಾಯವಾಗಿ ಸಾಕ್ಸ್ ಬೇಡ ಅಂತ 2020ರ ಅಮೆರಿಕದ ರಕ್ತರೋಗ ತಜ್ಞರ ಸಂಘದ ಮಾರ್ಗಸೂಚಿ ಸಲಹೆ ಕೊಟ್ಟಿದೆ. ಊತ, ನೋವು ಇದ್ದು, ಹಾಕಿಕೊಂಡಾಗ ಆರಾಮ ಸಿಗುವವರು ಬಳಸಬಹುದು. ಬೆಂಗಳೂರಿನ ಏಪ್ರಿಲ್ ಬಿಸಿಲಲ್ಲಿ ಸಾಕ್ಸ್ ತಡೆಯೋಕಾಗದೆ ಪೆಟ್ಟಿಗೆಗೆ ಹಾಕಿ, ಏನೋ ತಪ್ಪು ಮಾಡಿದೆ ಅಂತ ಹೆದರಿ ಕೂತವರಿಗೆ ಇದು ಸಮಾಧಾನದ ಮಾತು. ಡಾಕ್ಟರ್‌ಗೆ ಮಾತ್ರ ತಿಳಿಸಿಬಿಡಿ.

ಹಾಕಲೇಬಾರದವರು ಇದ್ದಾರೆ. ಕಾಲಿಗೆ ರಕ್ತ ತರುವ ನಾಳ ಕಿರಿದಾಗಿರುವವರಿಗೆ ಬಿಗಿ ಸಾಕ್ಸ್ ಇರುವ ರಕ್ತವನ್ನೂ ತಡೆದು ಬೆರಳು ಕಪ್ಪಾಗಿಸಬಹುದು. ಹಳೇ ಶುಗರ್, ಬೀಡಿ ಸಿಗರೇಟು ಸೇದುವವರು, ಸ್ವಲ್ಪ ನಡೆದರೆ ಮೀನಖಂಡ ಹಿಡಿದು ನಿಲ್ಲಬೇಕಾಗುವವರು, ಪಾದ ತಣ್ಣಗಿರುವವರು ಮೊದಲು ಕೈ ಮತ್ತು ಕಾಲಿನ ಬಿಪಿ ಹೋಲಿಸಿ ನೋಡುವ ಎಬಿಐ ಪರೀಕ್ಷೆ ಬಗ್ಗೆ ಕೇಳಬೇಕು. ಶುಗರ್‌ನಿಂದ ಪಾದ ಮರಗಟ್ಟಿದ್ದರೆ ಸಾಕ್ಸ್ ಒತ್ತಿ ಗಾಯವಾದರೂ ಗೊತ್ತಾಗಲ್ಲ. ಈ ಭಾಗದವರಿಗೆ ಹತ್ತಿರದ ಸರ್ಕಾರಿ ದಾರಿ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಇಂದಿರಾನಗರ ಕಡೆಯವರಿಗೆ ಸಿ.ವಿ. ರಾಮನ್ ಆಸ್ಪತ್ರೆ. ಖಾಸಗಿಯಲ್ಲಿ, ಮಿಲ್ಲರ್ಸ್ ರಸ್ತೆಯ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಕ್ಕೇ ಮೀಸಲಾದ ಘಟಕವಿದೆ.

ಬಾಕ್ಸ್ ಮೇಲಿನ ನಂಬರ್ ನೋಡಿ

ಅಂಗಡಿಯಲ್ಲಿ 'ಕ್ಲಾಸ್ 2 ಕೊಡಿ' ಅಂದರೆ ಸಾಲದು. ಜರ್ಮನ್ ಅಳತೆಯಲ್ಲಿ ಕ್ಲಾಸ್ 2 ಅಂದರೆ 23ರಿಂದ 32, ಬ್ರಿಟಿಷ್ ಅಳತೆಯಲ್ಲಿ ಅದೇ ಕ್ಲಾಸ್ 2 ಬರೀ 18ರಿಂದ 24. ಬಿಪಿ ಅಳೆಯುವ ಪಾದರಸದ ಮಿಲಿಮೀಟರ್ ಲೆಕ್ಕವೇ ಇದು. ಡಾಕ್ಟರ್ ಹತ್ತಿರ ನಂಬರ್ ಬರೆಸಿಕೊಳ್ಳಿ. ಆಪರೇಷನ್ ಆಗಿ ಮಲಗಿದವರಿಗೆ ಆಸ್ಪತ್ರೆಯಲ್ಲಿ ಹಾಕುವ ಬಿಳಿ ಸಾಕ್ಸ್ ಬೇರೆ, ಓಡಾಡುವವರದ್ದು ಬೇರೆ. ಚಪ್ಪಲಿ ಸೈಜ್ ನೋಡಿ ಎಂ, ಎಲ್ ಅಂತ ಕೊಡುವ ಅಂಗಡಿಯವರು ಟೇಪ್ ಇಟ್ಟುಕೊಂಡರೆ ಒಳ್ಳೆಯದು. ಬೆಳಗ್ಗೆ ಊತ ಕಡಿಮೆ ಇರುವಾಗ ಪಾದದ ಗಂಟಿನ ಮೇಲೆ ಕಾಲು ತೀರಾ ಸಣ್ಣಗಿರುವ ಜಾಗ, ಮೀನಖಂಡದ ದಪ್ಪ ಜಾಗ, ಮಂಡಿ ಕೆಳಗಿನವರೆಗಿನ ಎತ್ತರ ಅಳೆಯಬೇಕು. ಸಾಮಾನ್ಯವಾಗಿ ಮಂಡಿವರೆಗಿನದೇ ಸಾಕು.

ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿ, ರಾತ್ರಿ ಮಲಗುವಾಗ ತೆಗೆಯಬೇಕು. ಹಿಮ್ಮಡಿವರೆಗೆ ಒಳಹೊರಗು ಮಾಡಿಕೊಂಡು ಪಾದ ತೂರಿಸಿ ಆಮೇಲೆ ಮೇಲೆ ಎಳೆಯಿರಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಸಿಗುತ್ತೆ. ಬೆರಳು ತೆರೆದ ಮಾದರಿಯಾದರೆ ಪಾದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ತೂರಿಸಿ, ಆಮೇಲೆ ಕವರ್ ಎಳೆದುಕೊಳ್ಳಬಹುದು. ಮೇಲಿನ ಅಂಚು ಉದ್ದವಾಯಿತು ಅಂತ ಮಡಚಬೇಡಿ, ಅಲ್ಲಿ ದಾರ ಕಟ್ಟಿದಂತಾಗುತ್ತೆ. ಬೆರಳು ನೀಲಿಯಾದರೆ, ಜುಮ್ಮೆಂದರೆ, ನೋವು ಹೆಚ್ಚಾದರೆ ತಕ್ಷಣ ತೆಗೆದುಬಿಡಿ.

ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರಲ್ಲಿ ಕೈಯಲ್ಲೇ ಒಗೆದು, ಹಿಂಡದೆ ನೆರಳಲ್ಲಿ ಒಣಗಿಸಿ. ಬ್ಲೀಚು, ಇಸ್ತ್ರಿ ಬೇಡ. ಎರಡು ಜೊತೆ ಇದ್ದರೆ ಒಗೆದ ದಿನ ಪರದಾಟವಿಲ್ಲ. ದಿನಾ ಬಳಸಿದರೆ ಆರು ತಿಂಗಳ ಹೊತ್ತಿಗೆ ಎಲಾಸ್ಟಿಕ್ ಸೋತಿರುತ್ತೆ. ಹಾಕೋದು ತೀರಾ ಸುಲಭ ಆಗಿದೆ ಅನ್ನಿಸಿದರೆ ಹೊಸದಕ್ಕೆ ಮತ್ತೆ ಅಳತೆ ಕೊಡಬೇಕು.