ಕೈ ಬಾಯಿಗೆ, ಟವೆಲ್ ಕಂಕುಳಿಗೆ: ಮೈಗೆ ಕಲಿಸಿದ ಗುಲಾಮಗಿರಿ

ಗುಲಾಮ ಎಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಸಿನಿಮಾದ ಚಿತ್ರ. ಕಾಲಿಗೆ ಸರಪಳಿ, ಬೆನ್ನಿಗೆ ಚಾವಟಿ, ಸಿಂಹಾಸನದ ಮುಂದೆ ಮಂಡಿಯೂರಿ ಕೂತ ಸಾಲು. ರಾಜ ಚಿಟಿಕೆ ಹೊಡೆದರೆ ಎದ್ದು ನಿಲ್ಲಬೇಕು, ಕಣ್ಣು ತೋರಿಸಿದರೆ ತಲೆ ತಗ್ಗಿಸಬೇಕು. ಅದೆಲ್ಲ ಕಟ್ಟುಕತೆ, ನಮ್ಮ ಕಡೆ ಅಂಥದ್ದೇನೂ ಇರಲಿಲ್ಲ ಅಂದುಕೊಂಡು ಟಿವಿ ಆರಿಸಿ ಮಲಗುತ್ತೇವೆ.

ಇತ್ತು. ನಮ್ಮ ಪಕ್ಕದಲ್ಲೇ ಇತ್ತು, ನಮ್ಮೊಳಗೂ ಇತ್ತು. ಸರಪಳಿ ಬೇಕಾಗದಷ್ಟು ಚೆನ್ನಾಗಿ ಇತ್ತು. ಎಲ್ಲಿ ನಿಲ್ಲಬೇಕು, ಕೈ ಎಲ್ಲಿಡಬೇಕು, ಯಾವ ಬಟ್ಟೆ ಎಲ್ಲಿಯವರೆಗೆ ಉಡಬೇಕು, ತನ್ನನ್ನು ತಾನು ಏನೆಂದು ಕರೆದುಕೊಳ್ಳಬೇಕು ಎಂಬುದಕ್ಕೆಲ್ಲ ಕಟ್ಟಳೆ ಇತ್ತು. ಬಹುಪಾಲು ಕಟ್ಟಳೆಗಳನ್ನು ಯಾರೂ ಬರೆದಿಡಲಿಲ್ಲ. ಅವು ಮನುಷ್ಯರ ಮೈಯಲ್ಲೇ ಇದ್ದವು. ಹಾಗಾಗಿಯೇ ಕಾನೂನು ಬಂದ ಮೇಲೂ ಅಳಿಸಿಹೋಗಲಿಲ್ಲ.

ಎಷ್ಟು ಹೆಜ್ಜೆ ದೂರ?

ಮೊದಲು ಕೇರಳದ ಕಡೆ ನೋಡೋಣ. 1800–01ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪರವಾಗಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ. ಕಂಡದ್ದನ್ನೆಲ್ಲ ಬರೆದಿಟ್ಟ. ಮಲಬಾರಿನಲ್ಲಿ ಗದ್ದೆ ಕೆಲಸದ ಗುಲಾಮರು ಮೂರು ರೀತಿಯಲ್ಲಿ ಕೈ ಬದಲಾಗುತ್ತಿದ್ದರು ಎನ್ನುತ್ತಾನೆ: ಪೂರ್ತಿ ಮಾರಾಟ, ಅಡವು, ವರ್ಷದ ಬಾಡಿಗೆ. ನಾವು ಇವತ್ತು ಜಮೀನಿನ ಬಗ್ಗೆ ಆಡುವ ಮಾತು ಅಂದು ಮನುಷ್ಯರ ಬಗ್ಗೆ ನಡೆಯುತ್ತಿತ್ತು.

ಅಂಥವರಲ್ಲಿ ಪುಲಯರು ಒಂದು ಸಮುದಾಯ. ನಂಬೂದಿರಿ ಬ್ರಾಹ್ಮಣನಿಂದ ಪುಲಯ 96 ಹೆಜ್ಜೆ ದೂರ ಇರಬೇಕು, ಈಳವ 36 ಹೆಜ್ಜೆ ದೂರ ಇರಬೇಕು ಎಂಬ ಲೆಕ್ಕ 19ನೇ ಶತಮಾನದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೇಲ್ಜಾತಿಯ ದೊಡ್ಡವರು ದಾರಿಯಲ್ಲಿ ಬರುವಾಗ ಮುಂದಿನ ಆಳು "ಪೋ, ಪೋ" ಎಂದು ಕೂಗುತ್ತಿದ್ದ. ಹೋಗು ಎಂದರ್ಥ. ಆ ಕೂಗು ಕೇಳಿದ ಪುಲಯ ದಾರಿ ಬಿಟ್ಟು ಗದ್ದೆಯ ಕೆಸರಿಗೋ ಪೊದೆಗೋ ಇಳಿಯಬೇಕು. ತಲೆ ಮೇಲೆ ಹೊರೆ ಇದ್ದರೂ ಇಳಿಯಬೇಕು, ಕಂಕುಳಲ್ಲಿ ಕೂಸಿದ್ದರೂ ಇಳಿಯಬೇಕು.

96 ಹೆಜ್ಜೆ ಎಂದರೆ ಎಷ್ಟು ಎಂದು ಒಮ್ಮೆ ನಿಮ್ಮ ಮನೆ ಬಾಗಿಲಿನಿಂದ ನಡೆದು ನೋಡಿ. ಸಂತೆಗೆ ಹೋಗುವುದು, ಕೋರ್ಟಿಗೆ ಹೋಗುವುದು, ಶಾಲೆಯ ಬೆಂಚಿನಲ್ಲಿ ಕೂರುವುದು ಇವೆಲ್ಲ ಆ ದೂರದಲ್ಲಿ ಆಗುವ ಕೆಲಸವೇ? ದೂರದ ಕಟ್ಟಳೆ ಒಂದೇ ಸಾಕಿತ್ತು. ಬೇರೆ ಎಲ್ಲ ಬಾಗಿಲು ತಾವಾಗಿಯೇ ಮುಚ್ಚಿಕೊಂಡವು.

"ನಾನು" ಎನ್ನುವಂತಿಲ್ಲ

ತಿರುವಾಂಕೂರಿನಲ್ಲಿ ಹಲವು ವರ್ಷ ಕೆಲಸ ಮಾಡಿದ ಸ್ಯಾಮ್ಯುಯೆಲ್ ಮಟೀರ್ ಎಂಬ ಪಾದ್ರಿ 1871ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗುಲಾಮರ ಮಾತಿನ ಕಟ್ಟಳೆಗಳನ್ನು ಬರೆದಿದ್ದಾನೆ. ಧಣಿಯ ಎದುರು ಆಳು "ನಾನು" ಎನ್ನುವಂತಿಲ್ಲ. "ಅಡಿಯನ್" ಎನ್ನಬೇಕು. ನಿಮ್ಮ ಅಡಿಯಾಳು ಎಂದರ್ಥ. ತಾನು ಉಣ್ಣುವುದು ಅನ್ನವೇ ಆದರೂ ಅನ್ನ ಎನ್ನುವಂತಿಲ್ಲ, ಕೊಳಕು ಗಂಜಿ ಎನ್ನಬೇಕು. ಹೆತ್ತ ಮಕ್ಕಳನ್ನು ಮಕ್ಕಳು ಎನ್ನುವಂತಿಲ್ಲ, ಕೋತಿಗಳು, ಕರುಗಳು ಎನ್ನಬೇಕು. ಮಾತಾಡುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳಬೇಕು. ಉಸಿರು ತಾಗಿದರೆ ಧಣಿಗೆ ಮೈಲಿಗೆ.

ಒಬ್ಬ ತಾಯಿ ದಿನವೂ ತನ್ನ ಬಾಯಿಂದಲೇ ತನ್ನ ಮಗನನ್ನು ಕೋತಿ ಎಂದು ಹೇಳುತ್ತಾಳೆ. ಮಗ ಅದನ್ನು ಕೇಳುತ್ತಾ ಬೆಳೆಯುತ್ತಾನೆ. ಈ ಪಾಠ ಕಲಿಸಲು ಬೇರೆ ಮೇಷ್ಟ್ರು ಬೇಕೇ?

ಹೆಂಗಸರ ಬಟ್ಟೆಗೂ ಕಟ್ಟಳೆ ಇತ್ತು. ಮೇಲಿನವರ ಎದುರು ಎದೆ ಮುಚ್ಚದಿರುವುದೇ ಮರ್ಯಾದೆ. ತಿರುವಾಂಕೂರಿನ ದಕ್ಷಿಣ ಭಾಗದಲ್ಲಿ ನಾಡಾರ್ ಹೆಂಗಸರು ಈ ಕಟ್ಟಳೆ ಮುರಿದು ರವಿಕೆ ತೊಟ್ಟರು, ಮೇಲುವಸ್ತ್ರ ಹೊದ್ದರು. ಸಂತೆಗಳಲ್ಲಿ ಅವರ ಬಟ್ಟೆ ಹರಿದರು, ಗಲಭೆಗಳಾದವು. ದಶಕಗಳ ಹೋರಾಟದ ನಂತರ 1859ರಲ್ಲಿ ಮಹಾರಾಜರ ಆಜ್ಞೆ ಬಂತು: ಎದೆ ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿಯ ಹೆಂಗಸರು ಉಡುವ ಹಾಗೆ ಉಡಬಾರದು. ಹಕ್ಕು ಕೊಡುವಾಗಲೂ ಗುರುತು ಬಿಟ್ಟುಕೊಡಲಿಲ್ಲ.

ನಮ್ಮ ಕರಾವಳಿಯಲ್ಲಿ

ಇದೆಲ್ಲ ಕೇರಳದ ಕತೆ ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಅಲ್ಲಿಂದ ಉತ್ತರಕ್ಕೆ ತುಳುನಾಡಿಗೆ ಬಂದರೆ, ಜಮೀನಿನ ಜೊತೆಗೇ ಕೈ ಬದಲಾಗುತ್ತಿದ್ದ ಮೂಲದಾಳುಗಳು ಸಿಗುತ್ತಾರೆ. ಕೊರಗರು ಸಿಗುತ್ತಾರೆ.

ಕೊರಗರಲ್ಲಿ ಒಂದು ಪಂಗಡಕ್ಕೆ ಅಂಡೆ ಕೊರಗರು ಎಂಬ ಹೆಸರಿತ್ತು. ದಾರಿಯಲ್ಲಿ ಉಗುಳಿದರೆ ನೆಲ ಮೈಲಿಗೆಯಾಗುತ್ತದೆಂದು ಅವರು ಕೊರಳಿಗೆ ಅಂಡೆ ಕಟ್ಟಿಕೊಂಡು ಅದರಲ್ಲೇ ಉಗುಳಬೇಕಿತ್ತು ಎಂದು ಬ್ರಿಟಿಷರ ಕಾಲದ ಬರಹಗಳು ಹೇಳುತ್ತವೆ. ಸೊಪ್ಪಿನ ಕೊರಗರು ಎಂಬ ಹೆಸರೂ ಇದೆ. ಬಟ್ಟೆಯ ಬದಲು ಸೊಪ್ಪು ಉಟ್ಟ ಕಾಲದ ಹೆಸರು ಅದು.

ಅಜಲು ಪದ್ಧತಿ ಇನ್ನೂ ಇತ್ತೀಚಿನದು. ಊರವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಹಾಗೆ ಮಾಡಿದರೆ ತಮ್ಮ ಮೇಲಿನ ಕೆಡುಕು ಅವರಿಗೆ ಹೋಗುತ್ತದೆಂದು ನಂಬುವುದು. ಕಂಬಳಕ್ಕೆ ಮುಂಚೆ ಕೋಣಗಳ ಹಾಗೆ ಕೊರಗರನ್ನು ಗದ್ದೆಯಲ್ಲಿ ಓಡಿಸುವುದು. ಕೆಲಸ ಮಾಡಿಸಿ ಕೂಲಿ ಕೊಡದಿರುವುದು, ಕೊಟ್ಟರೂ ಕಡಿಮೆ ಕೊಡುವುದು. ಇದನ್ನು ನಿಲ್ಲಿಸಲು ನಮ್ಮ ರಾಜ್ಯ ಅಜಲು ನಿಷೇಧ ಕಾಯ್ದೆ ತಂದಿದ್ದು ಯಾವಾಗ ಗೊತ್ತೇ? 2000ದಲ್ಲಿ. ನಮ್ಮಲ್ಲಿ ಹಲವರು ಆಗಲೇ ಶಾಲೆಗೆ ಹೋಗುತ್ತಿದ್ದೆವು.

ದೇವಿಯ ಮುಂದೆ ನಿಲ್ಲುವ ಹಣ

ಕರಾವಳಿಯಿಂದ ಘಟ್ಟ ಹತ್ತಿದರೆ ಕೊಡಗು, ಅದರ ಬೆನ್ನಿಗೇ ಕೇರಳದ ವಯನಾಡು. ಕೊಡಗಿನಲ್ಲಿ ಯರವರು ಎನ್ನುವ ಸಮುದಾಯದ ಒಂದು ಭಾಗಕ್ಕೆ ವಯನಾಡಿನಲ್ಲಿ ಅಡಿಯರು ಎಂದು ಹೆಸರು. ಅವರು ತಮ್ಮನ್ನು ರಾವುಳರು ಎಂದು ಕರೆದುಕೊಳ್ಳುತ್ತಾರೆ. ಹೊರಗಿನವರು ಇಟ್ಟ ಹೆಸರಿನಲ್ಲೇ ಅಡಿಯಾಳು ಇದ್ದಾನೆ.

ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವಿನಲ್ಲಿ ಪ್ರತಿ ಮಾರ್ಚ್ ತಿಂಗಳಲ್ಲಿ ದೇವಿಯ ಜಾತ್ರೆ. ಹಿಂದೆ ಜಮೀನ್ದಾರರು ಅಲ್ಲಿಗೆ ಬಂದು ಅಡಿಯ, ಪಣಿಯ ಕುಟುಂಬಗಳಿಗೆ ಮುಂಗಡ ಕೊಟ್ಟು, ಒಂದು ವರ್ಷ ಇವರ ಬಳಿಯೇ ದುಡಿಯುತ್ತೇವೆ ಎಂದು ದೇವಿಯ ಮುಂದೆ ಮಾತು ತೆಗೆದುಕೊಳ್ಳುತ್ತಿದ್ದರು. ಆ ಮುಂಗಡಕ್ಕೆ ನಿಲ್ಪು ಪಣಂ ಎಂದು ಹೆಸರು. ನಿಲ್ಲುವ ಹಣ. ಕಾಗದ ಇಲ್ಲ, ಕಾವಲು ಇಲ್ಲ. ದೇವರ ಮುಂದೆ ಕೊಟ್ಟ ಮಾತು ಮುರಿದರೆ ಕೆಡುಕಾಗುತ್ತದೆಂಬ ಹೆದರಿಕೆ ಸಾಕಿತ್ತು. ಹಳೆ ಮೈಸೂರು ಸೀಮೆಯಲ್ಲಿ ಯುಗಾದಿಯಿಂದ ಯುಗಾದಿಗೆ ಆಳು ಗೊತ್ತು ಮಾಡುತ್ತಿದ್ದದ್ದನ್ನು ಬಲ್ಲವರಿಗೆ ಈ ಲೆಕ್ಕ ಹೊಸದಲ್ಲ.

ಮೈಸೂರು ಸೀಮೆಯ ಮಾತೂ ಹಾಗೆಯೇ. "ಅಡ್ಡಬಿದ್ದೆ ಬುದ್ಧಿ" ಎಂಬ ನಮಸ್ಕಾರ ಕೇಳಿದ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅಡ್ಡ ಬೀಳದಿದ್ದರೂ ಬಿದ್ದೆ ಎಂದು ಹೇಳಬೇಕು, ಮೈ ಮಾಡಬೇಕಾದ್ದನ್ನು ನಾಲಿಗೆ ಮಾಡುತ್ತಿತ್ತು. ಎಪ್ಪತ್ತು ದಾಟಿದ ಆಳಿಗೆ ಧಣಿಯ ಮನೆಯ ಹುಡುಗ "ಬಾರ್ಲಾ, ಹೋಗ್ಲಾ" ಎನ್ನುತ್ತಿದ್ದ. ಆ ಮುದುಕ ಹುಡುಗನಿಗೆ "ಚಿಕ್ಕ ಬುದ್ಧಿಯೋರೇ" ಎನ್ನುತ್ತಿದ್ದ. ನಿಜಾಮನ ಆಳ್ವಿಕೆಯಲ್ಲಿದ್ದ ತೆಲಂಗಾಣದಲ್ಲಿ "ಬಾಂಚನ್ ದೊರಾ, ಕಾಲ್ಮೊಕ್ತಾ" ಎನ್ನುತ್ತಿದ್ದರು. ನಿಮ್ಮ ಗುಲಾಮ ದೊರೆಯೇ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದರ್ಥ. ನಮ್ಮ ಬೀದರ್, ಕಲಬುರಗಿ, ರಾಯಚೂರು 1948ರವರೆಗೆ ಅದೇ ಸಂಸ್ಥಾನದಲ್ಲಿದ್ದವು.

ಯಾಕೆ ಇಷ್ಟೆಲ್ಲ ಕಟ್ಟಳೆ?

ದುಡಿಸಿಕೊಳ್ಳುವುದೊಂದೇ ಗುರಿಯಾಗಿದ್ದರೆ ಬಾಯಿಗೆ ಕೈ ಯಾಕೆ ಅಡ್ಡ ಇಡಬೇಕಿತ್ತು? ಕೈ ಬಾಯಿ ಮೇಲಿದ್ದರೆ ಕೆಲಸವೇನೂ ಜಾಸ್ತಿ ಆಗುವುದಿಲ್ಲ.

ಲೆಕ್ಕ ಬೇರೆ ಇದೆ. ನೂರು ಆಳುಗಳನ್ನು ಕಾಯಲು ಹತ್ತು ಕಾವಲುಗಾರರು ಬೇಕು, ಅವರಿಗೆ ಕೂಲಿ ಬೇಕು. ಆದರೆ ಆ ನೂರು ಮಂದಿ ದಿನಕ್ಕೆ ಹತ್ತು ಸಲ ತಾವಾಗಿಯೇ ಬಗ್ಗಿದರೆ ಕಾವಲಿಗೆ ಬಿಡಿಗಾಸೂ ಬೇಡ. ಬಗ್ಗುವುದು ಅಭ್ಯಾಸವಾಗುತ್ತದೆ, ಅಭ್ಯಾಸ ಸಂಪ್ರದಾಯವಾಗುತ್ತದೆ, ಕೊನೆಗೆ ಅದಕ್ಕೆ ಮರ್ಯಾದೆ ಎಂಬ ಹೆಸರು ಬರುತ್ತದೆ. ಧಣಿಯ ಮಗನೂ ಅದೇ ಅಂಗಳದಲ್ಲಿ ಪಾಠ ಕಲಿಯುತ್ತಾನೆ. ಎದುರಿನವರು ಬಗ್ಗದಿದ್ದರೆ ತನಗೆ ಅವಮಾನವಾಯಿತು ಎಂದು ಅವನ ಮೈಯೂ ಕಲಿಯುತ್ತದೆ.

ಕಾನೂನು ಬಂತು, ಬೆನ್ನು ನೆಟ್ಟಗಾಗಲಿಲ್ಲ

1843ರ ಕಾಯ್ದೆಯಿಂದ ಕಂಪನಿ ಆಡಳಿತದ ಕೋರ್ಟುಗಳು ಗುಲಾಮರ ಮೇಲಿನ ಒಡೆತನವನ್ನು ಒಪ್ಪುವುದನ್ನು ನಿಲ್ಲಿಸಿದವು. ಕೊಚ್ಚಿಯಲ್ಲಿ 1854ರಲ್ಲಿ, ತಿರುವಾಂಕೂರಿನಲ್ಲಿ 1855ರಲ್ಲಿ ಗುಲಾಮಗಿರಿ ರದ್ದಾಯಿತು. ತಿರುವಾಂಕೂರಿನಲ್ಲಿ ಸರ್ಕಾರದ ಬಳಿಯೇ ಗುಲಾಮರಿದ್ದರು. 1862ರಲ್ಲಿ ಜಾರಿಗೆ ಬಂದ ದಂಡ ಸಂಹಿತೆ ಮನುಷ್ಯರನ್ನು ಗುಲಾಮರಾಗಿ ಕೊಳ್ಳುವುದು, ಮಾರುವುದು ಅಪರಾಧ ಎಂದಿತು. ಮಟೀರ್ ಪುಸ್ತಕ ಪ್ರಕಟವಾದ ವರ್ಷ ಇನ್ನೊಮ್ಮೆ ನೋಡಿ: 1871. ರದ್ದಾಗಿ 16 ವರ್ಷ ಕಳೆದಿತ್ತು.

ಗುಲಾಮ ಹೋದ, ಜೀತದಾಳು ಉಳಿದ. ಜೀತ ರದ್ದತಿ ಕಾಯ್ದೆ ಬರಲು 1976ರವರೆಗೆ ಕಾಯಬೇಕಾಯಿತು.

ಮುರಿದವರು ಮೈಯಿಂದಲೇ ಮುರಿದರು

ಮೈಗೆ ಕಲಿಸಿದ್ದನ್ನು ಮೈಯಿಂದಲೇ ಮರೆಸಬೇಕು. ಇದನ್ನು ತಿಳಿದವರು ಅಯ್ಯಂಕಾಳಿ. 1863ರಲ್ಲಿ ತಿರುವನಂತಪುರದ ಹತ್ತಿರ ವೆಂಙಾನೂರಿನ ಪುಲಯ ಕುಟುಂಬದಲ್ಲಿ ಹುಟ್ಟಿದವರು. ಓದು ಬರಹ ಬರುತ್ತಿರಲಿಲ್ಲ. 1893ರಲ್ಲಿ ಅವರು ಒಂದು ಕಮಾನು ಗಾಡಿ ಕೊಂಡು, ಎತ್ತು ಹೂಡಿ, ತಲೆಗೆ ಮುಂಡಾಸು ಸುತ್ತಿ, ಬಿಳಿ ಬಟ್ಟೆ ತೊಟ್ಟು, ತಮ್ಮ ಜನ ಕಾಲಿಡಬಾರದೆಂದಿದ್ದ ರಸ್ತೆಯಲ್ಲಿ ನೆಟ್ಟಗೆ ಕೂತು ಹೊರಟರು. ಭಾಷಣವಿಲ್ಲ, ಅರ್ಜಿಯಿಲ್ಲ. ಗಾಡಿಯಲ್ಲಿ ಕೂತದ್ದೇ ಹೋರಾಟ. ತಡೆದವರನ್ನು ಎದುರಿಸಿದರು.

ಮುಂದೆ 1907ರಲ್ಲಿ ಸಂಘ ಕಟ್ಟಿದರು. ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸದಿದ್ದರೆ ನಿಮ್ಮ ಗದ್ದೆಗೆ ಇಳಿಯುವುದಿಲ್ಲ ಎಂದರು. ಗದ್ದೆಗಳು ಪಾಳು ಬಿದ್ದವು. ಕೂಲಿ ಹೆಚ್ಚಿಸಿ ಎಂದು ಕೆಲಸ ನಿಲ್ಲಿಸಿದವರನ್ನು ಕೇಳಿದ್ದೇವೆ. ಮಗುವಿನ ಶಾಲೆಗಾಗಿ ಕೃಷಿ ಕಾರ್ಮಿಕರು ಕೆಲಸ ನಿಲ್ಲಿಸಿದ್ದು ಅಪರೂಪ.

1915ರಲ್ಲಿ ಕೊಲ್ಲಂನಲ್ಲಿ ಅವರ ಮುಂದೆಯೇ ಪುಲಯ ಹೆಂಗಸರು ಕೊರಳಿನ ಕಲ್ಲುಮಣಿ ಸರಗಳನ್ನು ಕಿತ್ತೆಸೆದರು. ಅವರ ಜಾತಿಯ ಗುರುತಾಗಿ ತಲೆತಲಾಂತರದಿಂದ ಹಾಕಿಸಿದ್ದ ಸರಗಳು ರಾಶಿ ಬಿದ್ದವು.

ಇವತ್ತು

ಜಿಲ್ಲೆಯಲ್ಲಿ ಸುದ್ದಿಗೆಂದು ಊರೂರು ಸುತ್ತುವಾಗ ಹಳೆಯ ಕಟ್ಟಳೆಯ ತುಣುಕುಗಳು ಈಗಲೂ ಕಣ್ಣಿಗೆ ಬೀಳುತ್ತವೆ. ದೊಡ್ಡವರ ಮನೆ ಜಗುಲಿ ಕಂಡರೆ ಹೆಗಲ ಮೇಲಿನ ಟವೆಲ್ ಕಂಕುಳಿಗೆ ಹೋಗುತ್ತದೆ. ಚಪ್ಪಲಿ ಕಾಲಿನಿಂದ ಕೈಗೆ ಬರುತ್ತದೆ. ಕುರ್ಚಿ ತೋರಿಸಿದರೂ "ಇರ್ಲಿ ಬುಡಿ" ಎಂದು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂರುವ ಹಿರಿಯರಿದ್ದಾರೆ. ಯಾರೂ ಹೇಳಿರುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

2020ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಫೋಟೋ ಒಂದು ದೇಶದ ಎಲ್ಲ ಫೋನುಗಳಿಗೆ ಬಂತು. ಪರಿಶಿಷ್ಟ ಜಾತಿಯ ಪಂಚಾಯಿತಿ ಅಧ್ಯಕ್ಷೆ ನೆಲದ ಮೇಲೆ, ಉಳಿದವರು ಕುರ್ಚಿಯ ಮೇಲೆ. ಆಕೆಗೆ ಓಟು ಬಿದ್ದಿತ್ತು, ಅಧಿಕಾರ ಬಂದಿತ್ತು. ಕುರ್ಚಿ ಮಾತ್ರ ಸಿಗಲಿಲ್ಲ.

ದೌರ್ಜನ್ಯ ತಡೆ ಕಾಯ್ದೆ 1989ರದ್ದು. ಅದಕ್ಕೆ 2015ರಲ್ಲಿ ತಿದ್ದುಪಡಿ ತಂದಾಗ ಸಂಸತ್ತು ಏನೇನು ಸೇರಿಸಿತು ನೋಡಿ: ದಲಿತರು, ಆದಿವಾಸಿಗಳು ಸೈಕಲ್ಲು, ಬೈಕು ಹತ್ತುವುದನ್ನು, ಎಲ್ಲರೆದುರು ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ಉಡುವುದನ್ನು, ಮದುವೆ ಮೆರವಣಿಗೆ ಹೊರಡಿಸುವುದನ್ನು, ಕುದುರೆ ಏರುವುದನ್ನು ತಡೆದರೆ ಅಪರಾಧ. ಚಪ್ಪಲಿ ಎಂಬುದು ದೇಶದ ಕಾನೂನಿನೊಳಗೆ ಬರಬೇಕಾಯಿತು. ಹಳೆಯ ಕಟ್ಟಳೆ ಎಷ್ಟು ಆಳಕ್ಕಿಳಿದಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇದು ಓದುವವರಿಗೆ ಕೆಲಸಕ್ಕೆ ಬರುವ ಒಂದು ಮಾತು. ಮುಂಗಡ ಕೊಟ್ಟು ಯಾರನ್ನಾದರೂ ಜೀತಕ್ಕಿಟ್ಟುಕೊಂಡಿದ್ದರೆ ಆ ಸಾಲವನ್ನು ತೀರಿಸಬೇಕಾಗಿಲ್ಲ, 1976ರ ಕಾಯ್ದೆ ಹಾಗೆನ್ನುತ್ತದೆ. ಉಪವಿಭಾಗಾಧಿಕಾರಿಗೆ ಅಥವಾ ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ದೂರು ಕೊಡುವಾಗ ಕಚೇರಿಯಲ್ಲಿ ಕುರ್ಚಿ ಖಾಲಿ ಇದ್ದರೆ ಕೂತೇ ಮಾತಾಡಿ.

ಕುರ್ಚಿಯ ಈ ಕಡೆ ಇರುವವರಿಗೂ ಒಂದು ಕೆಲಸ ಇದೆ. ಮುಂದಿನ ಸಲ ನಿಮ್ಮ ಮನೆಗೆ ಬಂದ ಹಿರಿಯರು ಬಾಗಿಲಲ್ಲೇ ನಿಂತರೆ "ಒಳಗ್ ಬನ್ನಿ, ಕೂತ್ಕೊಳಿ" ಎಂದು ಒಂದು ಸಲ ಹೇಳಿ ಸುಮ್ಮನಾಗಬೇಡಿ. ತಲೆಮಾರುಗಳಿಂದ ನಿಲ್ಲಿಸಿದ ಮೈ ಅದು, ಒಂದೇ ಮಾತಿಗೆ ಕೂರುವುದಿಲ್ಲ. ಎರಡನೇ ಸಲ ಕರೆಯಿರಿ, ಮೂರನೇ ಸಲವೂ ಕರೆಯಿರಿ.