ಆರ್.ವಿ. ನೀರಿನ ಪಂಪಿಗೆ ಪ್ರೆಷರ್ ಟ್ಯಾಂಕ್: ಏಕೆ, ಎಲ್ಲಿ, ಹೇಗೆ?

ಅಮೆರಿಕದ ಹೆದ್ದಾರಿಗಳಲ್ಲಿ ಸಂಚರಿಸಿದವರಿಗೆ ಆರ್.ವಿ. ಎಂಬ ಹೆಸರು ಹೊಸದಲ್ಲ. ರಿಕ್ರಿಯೇಷನಲ್ ವೆಹಿಕಲ್ ಎಂಬುದರ ಹ್ರಸ್ವರೂಪವಿದು. ಅಡುಗೆಕಟ್ಟೆ, ಹಾಸಿಗೆ, ಶೌಚಾಲಯ, ಸ್ನಾನದ ಷವರ್ ಎಲ್ಲವನ್ನೂ ಒಡಲಲ್ಲಿ ಇರಿಸಿಕೊಂಡ ಈ ವಾಹನವು ಗಾಲಿಗಳ ಮೇಲಿನ ಪುಟ್ಟ ಮನೆಯೇ ಸರಿ. ಮನೆಯೆಂದ ಮೇಲೆ ನಲ್ಲಿ ತಿರುಗಿಸಿದಾಗ ನೀರು ಬರಬೇಕು. ಆ ನೀರನ್ನು ದೂಡುವ ಸಣ್ಣ ಪಂಪ್ ಬೇಗನೆ ಸವೆಯುವುದು, ನಡುರಾತ್ರಿಯಲ್ಲಿ ಗಡಗಡನೆ ಸದ್ದು ಮಾಡುವುದು, ಷವರ್‌ನ ಧಾರೆ ಒಮ್ಮೆ ಜೋರಾಗಿ ಒಮ್ಮೆ ಕುಂದುವುದು ಆರ್.ವಿ. ಮಾಲೀಕರ ಸಾಮಾನ್ಯ ದೂರುಗಳು. ಇವುಗಳಿಗೆ ಹಲವರು ಕಂಡುಕೊಂಡ ಪರಿಹಾರವೇ ಪ್ರೆಷರ್ ಟ್ಯಾಂಕ್, ಅಥವಾ ಅಕ್ಯುಮುಲೇಟರ್. ಕರ್ನಾಟಕದ ನಗರಗಳ ಅನೇಕ ಮನೆಗಳಲ್ಲಿ ಪ್ರೆಷರ್ ಪಂಪಿನೊಡನೆ ಕಾಣಸಿಗುವ ದುಂಡನೆಯ ಟ್ಯಾಂಕ್ ಕೂಡ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ಆದರೆ ಟ್ಯಾಂಕ್ ಕೊಂಡು ಜೋಡಿಸಿದ ಮಾತ್ರಕ್ಕೆ ಫಲ ದೊರೆಯುವುದಿಲ್ಲ. ಅದರೊಳಗಿನ ಗಾಳಿಯ ಒತ್ತಡ ಸರಿಯಾಗಿದ್ದರೆ ಮಾತ್ರ ಅದು ಉಪಯುಕ್ತ. ಇಲ್ಲವಾದರೆ ಜಾಗ ತಿನ್ನುವ ಮತ್ತೊಂದು ಡಬ್ಬ.

ನೀರಿನ ವ್ಯವಸ್ಥೆಯ ಪರಿಚಯ

ಆರ್.ವಿ.ಗೆ ಎರಡು ಮಾರ್ಗಗಳಿಂದ ನೀರು ದೊರೆಯುತ್ತದೆ. ಶಿಬಿರತಾಣದಲ್ಲಿ ತಂಗಿದಾಗ ಅಲ್ಲಿನ ನಲ್ಲಿಗೆ ಮೆದುಗೊಳವೆ ಜೋಡಿಸಿದರೆ ಹೊರಗಿನ ಒತ್ತಡದಿಂದಲೇ ನೀರು ಒಳಗೆ ಹರಿಯುತ್ತದೆ. ಇಂಥ ಸೌಕರ್ಯವಿಲ್ಲದ ಕಾಡು, ಮರುಭೂಮಿಗಳಲ್ಲಿ ತಂಗಿದಾಗ ವಾಹನದ ತಳಭಾಗದಲ್ಲಿರುವ ಸಿಹಿನೀರಿನ ಟ್ಯಾಂಕೇ ಆಧಾರ. ಈ ಟ್ಯಾಂಕಿನ ನೀರನ್ನು ನಲ್ಲಿಗಳಿಗೆ ತಲುಪಿಸುವುದು 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಡಯಾಫ್ರಾಂ ಪಂಪ್. ಸಾಮಾನ್ಯ ಮಾದರಿಯೊಂದು ನಿಮಿಷಕ್ಕೆ ಸುಮಾರು 11 ಲೀಟರ್ ನೀರನ್ನು ದೂಡಬಲ್ಲದು.

ಪಂಪಿನಲ್ಲಿಯೇ ಒಂದು ಒತ್ತಡದ ಸ್ವಿಚ್ ಇರುತ್ತದೆ. ಕೊಳವೆಯೊಳಗಿನ ಒತ್ತಡ ನಿಗದಿತ ಮಟ್ಟಕ್ಕೆ ಏರಿದೊಡನೆ ಅದು ಪಂಪನ್ನು ನಿಲ್ಲಿಸುತ್ತದೆ; ನಲ್ಲಿ ತೆರೆದು ಒತ್ತಡ ಇಳಿದಾಗ ಮತ್ತೆ ಚಾಲೂ ಮಾಡುತ್ತದೆ. ಮಾದರಿಯಿಂದ ಮಾದರಿಗೆ ಈ ಅಂಕಿಗಳು ಬದಲಾಗುತ್ತವೆ. ವಿವರಣೆಯ ಸೌಕರ್ಯಕ್ಕಾಗಿ 30 ಪಿ.ಎಸ್.ಐ.ಗೆ ಆರಂಭವಾಗಿ 50 ಪಿ.ಎಸ್.ಐ.ಗೆ ನಿಲ್ಲುವ ಪಂಪನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಪಿ.ಎಸ್.ಐ. ಎಂದರೆ ಒಂದು ಚದರ ಇಂಚಿನ ಮೇಲೆ ಬೀಳುವ ಪೌಂಡ್ ಭಾರ. ವಾಹನದ ಟೈರಿಗೆ ಗಾಳಿ ತುಂಬಿಸುವಾಗ ಬಳಸುವ ಅಳತೆಯೇ ಇದು.

ತೊಂದರೆಯ ಮೂಲ

ನೀರನ್ನು ಒತ್ತಿ ಕುಗ್ಗಿಸುವುದು ಬಹುಮಟ್ಟಿಗೆ ಅಸಾಧ್ಯ. ಕೊಳವೆಗಳೂ ಹೆಚ್ಚು ಹಿಗ್ಗುವುದಿಲ್ಲ. ಆದಕಾರಣ ಪಂಪ್ ನಿಂತ ಮೇಲೆ ಕೊಳವೆಯಿಂದ ಅತ್ಯಲ್ಪ ನೀರು ಹೊರಬಂದರೂ ಒತ್ತಡ ಥಟ್ಟನೆ ಕುಸಿಯುತ್ತದೆ. ಪಂಪ್ ಆರಂಭವಾಗುತ್ತದೆ, ಕ್ಷಣಾರ್ಧದಲ್ಲಿ ಒತ್ತಡ ಏರುತ್ತದೆ, ಪಂಪ್ ನಿಲ್ಲುತ್ತದೆ. ಪಾತ್ರೆ ತೊಳೆಯಲೆಂದು ನಲ್ಲಿಯನ್ನು ಸಣ್ಣಗೆ ತೆರೆದಾಗ ಈ ಚಕ್ರ ಪುನಃ ಪುನಃ ನಡೆಯುತ್ತದೆ. ನೀರು ಮಿತವಾಗಿರುವ ವಾಹನದಲ್ಲಿ ನಲ್ಲಿಯನ್ನು ಸಣ್ಣಗೆ ತೆರೆಯುವುದೇ ರೂಢಿಯಾದುದರಿಂದ ತೊಂದರೆ ಇನ್ನೂ ಹೆಚ್ಚು.

ಪ್ರತಿ ಆರಂಭದಲ್ಲೂ ಮೋಟಾರಿಗೆ ಹೆಚ್ಚಿನ ವಿದ್ಯುತ್ ಹರಿಯುತ್ತದೆ. ಸ್ವಿಚ್ಚಿನ ಸಂಪರ್ಕಬಿಂದುಗಳು ಕಿಡಿಯಿಂದ ಸುಟ್ಟು ಸವೆಯುತ್ತವೆ. ಕೊಳವೆಗಳು ಗೋಡೆಗೆ ಬಡಿದು ಸದ್ದಾಗುತ್ತದೆ. ಬಿಸಿ ಮತ್ತು ತಣ್ಣೀರು ಬೆರೆಯುವ ಪ್ರಮಾಣ ಏರುಪೇರಾಗಿ ಸ್ನಾನದ ನೀರಿನ ಹದ ಕೆಡುತ್ತದೆ.

ಟ್ಯಾಂಕಿನೊಳಗೆ ನಡೆಯುವುದೇನು?

ಪ್ರೆಷರ್ ಟ್ಯಾಂಕ್ ಒಳಗೆ ರಬ್ಬರಿನ ಚೀಲ ಅಥವಾ ಪರದೆ ಇರುತ್ತದೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ಪಂಪ್ ದೂಡಿದ ನೀರು ಒಳಗೆ ನುಗ್ಗಿದಂತೆ ಗಾಳಿ ಕುಗ್ಗಿ ಸ್ಪ್ರಿಂಗಿನಂತೆ ಬಿಗಿಯಾಗುತ್ತದೆ. ನಲ್ಲಿ ತೆರೆದಾಗ ಆ ಗಾಳಿ ಹಿಗ್ಗಿ ನೀರನ್ನು ಹೊರದೂಡುತ್ತದೆ. ಅಷ್ಟು ಹೊತ್ತು ಪಂಪ್ ವಿಶ್ರಾಂತಿ ಪಡೆಯುತ್ತದೆ. ಉಷ್ಣಾಂಶ ಬದಲಾಗದಿದ್ದರೆ ಅನಿಲದ ಒತ್ತಡ ಹೆಚ್ಚಿದಷ್ಟೂ ಗಾತ್ರ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬ, 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವೇ ಇದಕ್ಕೆ ಆಧಾರ.

ಈ ನಿಯಮದ ಪ್ರಕಾರ ಲೆಕ್ಕ ಹಾಕಿದರೆ, 8 ಲೀಟರ್ ಟ್ಯಾಂಕಿನಲ್ಲಿ 28 ಪಿ.ಎಸ್.ಐ. ಗಾಳಿ ತುಂಬಿಸಿದ್ದಾಗ, ಪಂಪ್ ನಿಂತ ಕ್ಷಣದಿಂದ ಮತ್ತೆ ಆರಂಭವಾಗುವವರೆಗೆ ಸುಮಾರು 2.4 ಲೀಟರ್ ನೀರು ದೊರೆಯುತ್ತದೆ. ಟ್ಯಾಂಕಿನ ಪೂರ್ಣ ಗಾತ್ರದಷ್ಟು ನೀರು ದೊರೆಯುವುದೆಂದು ಭಾವಿಸುವುದು ತಪ್ಪು. 1 ಲೀಟರಿನ ಪುಟ್ಟ ಟ್ಯಾಂಕಿನಿಂದ ದೊರೆಯುವುದು 300 ಮಿಲಿಲೀಟರ್ ಮಾತ್ರ. ಇಂಥ ಪುಟ್ಟ ಟ್ಯಾಂಕ್ ಪಂಪಿನ ಮಿಡಿತವನ್ನೂ ಸದ್ದನ್ನೂ ತಗ್ಗಿಸೀತು. ದೀರ್ಘ ವಿರಾಮ ನೀಡಲಾರದು.

ನಿಮಿಷಕ್ಕೆ 2 ಲೀಟರ್ ಹರಿಯುವಂತೆ ನಲ್ಲಿ ತೆರೆದರೆ 8 ಲೀಟರ್ ಟ್ಯಾಂಕ್ ಇರುವ ವಾಹನದಲ್ಲಿ ಪಂಪ್ ಒಂದು ನಿಮಿಷಕ್ಕೂ ಹೆಚ್ಚು ಕಾಲ ಮೌನವಾಗಿರುತ್ತದೆ. ಬಳಿಕ ಕಾಲು ನಿಮಿಷದಷ್ಟು ನಡೆದು ಟ್ಯಾಂಕನ್ನು ತುಂಬಿಸಿ ನಿಲ್ಲುತ್ತದೆ. ಆರ್.ವಿ. ಶೌಚಾಲಯಕ್ಕೆ ಒಂದು ಬಾರಿಗೆ 2 ಲೀಟರ್‌ಗೂ ಕಡಿಮೆ ನೀರು ಸಾಕಾಗುವುದರಿಂದ ರಾತ್ರಿ ಒಬ್ಬರು ಎದ್ದರೆ ಉಳಿದವರ ನಿದ್ರೆ ಕೆಡುವುದು ತಪ್ಪುತ್ತದೆ.

ತಪ್ಪು ನಿರೀಕ್ಷೆಗಳು

ಟ್ಯಾಂಕ್ ಜೋಡಿಸಿದರೆ ಒತ್ತಡ ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ನಿಜವಲ್ಲ. ಗರಿಷ್ಠ ಒತ್ತಡವನ್ನು ನಿರ್ಧರಿಸುವುದು ಪಂಪಿನ ಸ್ವಿಚ್ಚೇ ಹೊರತು ಟ್ಯಾಂಕ್ ಅಲ್ಲ. ಬ್ಯಾಟರಿ ಬಹಳವಾಗಿ ಉಳಿಯುತ್ತದೆ ಎಂಬುದೂ ಅತಿಶಯೋಕ್ತಿ. ಸುಮಾರು 7 ಆಂಪಿಯರ್ ಎಳೆಯುವ ಪಂಪ್, ನಿಮಿಷಕ್ಕೆ 10 ಲೀಟರ್‌ನಂತೆ 150 ಲೀಟರ್ ನೀರು ದೂಡಲು 15 ನಿಮಿಷ ನಡೆದರೂ ವ್ಯಯವಾಗುವುದು 2 ಆಂಪಿಯರ್-ಗಂಟೆಗಿಂತ ಕಡಿಮೆ. ಅಷ್ಟು ನೀರನ್ನು ದೂಡುವ ಕೆಲಸ ಟ್ಯಾಂಕ್ ಇದ್ದರೂ ತಪ್ಪುವುದಿಲ್ಲ. ಉಳಿತಾಯವಾಗುವುದು ಬ್ಯಾಟರಿಯಲ್ಲ, ಪಂಪಿನ ಆಯುಷ್ಯ.

ಜೋಡಿಸುವ ಕ್ರಮ

ಕೆಲಸಕ್ಕೆ ಮುನ್ನ ಪಂಪಿನ ವಿದ್ಯುತ್ತನ್ನೂ ನೀರು ಕಾಯಿಸುವ ಹೀಟರನ್ನೂ ಆರಿಸಬೇಕು. ಹೀಟರಿನ ನೀರು ತಣಿಯಲು ಕಾಲಾವಕಾಶ ನೀಡಬೇಕು. ಹೊರಗಿನ ಮೆದುಗೊಳವೆ ಜೋಡಿಸಿದ್ದರೆ ಅದನ್ನೂ ಕಳಚಿ, ನಲ್ಲಿಗಳನ್ನು ತೆರೆದು ಒತ್ತಡವನ್ನು ಸಂಪೂರ್ಣವಾಗಿ ಇಳಿಸಬೇಕು.

ಟ್ಯಾಂಕನ್ನು ಪಂಪಿನ ಹೊರದಾರಿಯ ಬದಿಗೆ, ಹೀಟರಿಗೆ ಹೋಗುವ ಕವಲಿಗಿಂತ ಮೊದಲು, ತಣ್ಣೀರಿನ ಕೊಳವೆಗೆ ಟೀ ಜೋಡಣೆಯ ಮೂಲಕ ಸೇರಿಸಬೇಕು. ಪಂಪಿನ ಒಳದಾರಿಯ ಬದಿಗೆ ಜೋಡಿಸಿದರೆ ಯಾವ ಪ್ರಯೋಜನವೂ ಇಲ್ಲ. ಸಿಹಿನೀರಿನ ಟ್ಯಾಂಕಿಗೂ ಪಂಪಿಗೂ ನಡುವೆ ಕಸ ತಡೆಯುವ ಜಾಲರಿ ಇಲ್ಲದಿದ್ದರೆ ಇದೇ ಸಂದರ್ಭದಲ್ಲಿ ಹಾಕಿಸುವುದು ಒಳಿತು. ಪಂಪಿನಿಂದ ಹೊರಡುವ ಮೊದಲ ಒಂದೆರಡು ಅಡಿ ಬಾಗುವ ಕೊಳವೆ ಬಳಸಿದರೆ ಕಂಪನ ಮುಂದಕ್ಕೆ ಹರಡುವುದು ಕಡಿಮೆಯಾಗುತ್ತದೆ.

ಚಲಿಸುವ ವಾಹನದಲ್ಲಿ ಟ್ಯಾಂಕ್ ಅಲುಗಾಡದಂತೆ ಪಟ್ಟಿಯಿಂದ ಬಿಗಿಯಬೇಕು. ಅದರ ಭಾರವನ್ನು ಕೊಳವೆಯ ಜೋಡಣೆ ಹೊರುವಂತೆ ತೂಗುಬಿಡಬಾರದು. ಗಾಳಿಯ ಕವಾಟಕ್ಕೆ ಕೈ ಎಟಕುವಂತೆ ಜಾಗ ಬಿಡಬೇಕು. ಕುಡಿಯುವ ನೀರಿಗೆ ಯೋಗ್ಯವೆಂದು ತಯಾರಕರು ನಮೂದಿಸಿದ ಟ್ಯಾಂಕನ್ನೇ ಆರಿಸಬೇಕು.

ಗಾಳಿಯ ಒತ್ತಡವೇ ಜೀವಾಳ

ಕಾರ್ಖಾನೆಯಿಂದ ಬಂದ ಟ್ಯಾಂಕಿನ ಗಾಳಿಯ ಒತ್ತಡ ಎಲ್ಲ ಪಂಪುಗಳಿಗೂ ಹೊಂದುವುದಿಲ್ಲ. ಪಂಪ್ ಆರಂಭವಾಗುವ ಒತ್ತಡಕ್ಕಿಂತ ಸುಮಾರು 2 ಪಿ.ಎಸ್.ಐ. ಕಡಿಮೆ ಇರಿಸುವುದು ರೂಢಿಯ ನಿಯಮ. ತಯಾರಕರ ಸೂಚನೆ ಬೇರೆಯಾಗಿದ್ದರೆ ಅದನ್ನೇ ಪಾಲಿಸಬೇಕು. ನಮ್ಮ ಉದಾಹರಣೆಯಲ್ಲಿ ಅದು 28 ಆಗುತ್ತದೆ. ಟೈರಿನ ಗಾಳಿ ಅಳೆಯುವ ಮಾಪಕ ಮತ್ತು ಸೈಕಲ್ ಪಂಪ್ ಇದ್ದರೆ ಸಾಕು. ಆದರೆ ಪಂಪ್ ಆರಿಸಿ, ನಲ್ಲಿ ತೆರೆದು, ನೀರಿನ ಒತ್ತಡ ಸೊನ್ನೆಗೆ ಇಳಿದ ಮೇಲೆಯೇ ಅಳೆಯಬೇಕು. ನೀರು ತುಂಬಿರುವಾಗ ಅಳೆದರೆ ಮಾಪಕವು ನೀರಿನ ಒತ್ತಡವನ್ನೇ ತೋರಿಸುತ್ತದೆ.

ಅಳತೆ ತಪ್ಪಿದರೆ ಆಗುವ ನಷ್ಟ ಅಲ್ಪವಲ್ಲ. ಗಾಳಿ 10 ಪಿ.ಎಸ್.ಐ.ಗೆ ಸೋರಿ ಇಳಿದಿದ್ದರೆ 8 ಲೀಟರ್ ಟ್ಯಾಂಕಿನಿಂದ 2.4 ಲೀಟರ್ ಬದಲು ಸುಮಾರು 1.4 ಲೀಟರ್ ಮಾತ್ರ ದೊರೆಯುತ್ತದೆ. ಹೆಚ್ಚು ಗಾಳಿ ತುಂಬಿಸಿ 45ಕ್ಕೆ ಏರಿಸಿದರೆ ಪರಿಣಾಮ ಇನ್ನೂ ಕೆಟ್ಟದು: ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು ಬಂದೊಡನೆ ಟ್ಯಾಂಕ್ ಬರಿದಾಗಿ, ಪಂಪ್ ಆರಂಭವಾಗುವ ಮುನ್ನ ಒತ್ತಡ ಏಕಾಏಕಿ ಕುಸಿಯುತ್ತದೆ.

ಬೆಟ್ಟ ಹತ್ತುವವರು ಗಮನಿಸಬೇಕಾದ ಅಂಶವೊಂದಿದೆ. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ 14.7 ಪಿ.ಎಸ್.ಐ. ಇದ್ದರೆ, ಕೊಲರಾಡೊದ ರಾಕಿ ಪರ್ವತಗಳಲ್ಲಿ ಸುಮಾರು 3,400 ಮೀಟರ್ ಎತ್ತರದಲ್ಲಿರುವ ಐಸೆನ್‌ಹೋವರ್ ಸುರಂಗದ ಬಳಿ ಅದು 10ಕ್ಕಿಂತ ಕೆಳಗಿಳಿಯುತ್ತದೆ. ಕರಾವಳಿಯಲ್ಲಿ 28ಕ್ಕೆ ಹೊಂದಿಸಿದ ಟ್ಯಾಂಕ್, ಉಷ್ಣಾಂಶ ಬದಲಾಗದಿದ್ದರೆ, ಅಲ್ಲಿ ಮಾಪಕದಲ್ಲಿ 33ರಷ್ಟು ತೋರಿಸುತ್ತದೆ. ಪಂಪ್ ಆರಂಭವಾಗುವ ಮಟ್ಟವನ್ನು ಅದು ದಾಟಿದಂತಾಯಿತು. ಬೆಟ್ಟದ ಮೇಲೆ ಹಲವು ದಿನ ತಂಗುವವರು ಗಾಳಿಯನ್ನು ಮತ್ತೊಮ್ಮೆ ಸರಿಪಡಿಸಿಕೊಳ್ಳುವುದು ಲೇಸು.

ಹೀಟರಿಗೂ ಉಪಕಾರ

ಟ್ಯಾಂಕಿನಿಂದ ಮತ್ತೊಂದು ಪ್ರಯೋಜನವುಂಟು. 15 ಡಿಗ್ರಿ ಸೆಲ್ಸಿಯಸ್ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ಶೇ. 1.6ರಷ್ಟು ಹಿಗ್ಗುತ್ತದೆ. 23 ಲೀಟರಿನ ಹೀಟರಿನಲ್ಲಿ ಇದು ಮೂರನೇ ಒಂದು ಲೀಟರಿಗೂ ಹೆಚ್ಚು. ನೀರು ಹಿಂದಕ್ಕೆ ಹರಿಯದಂತೆ ಏಕಮುಖ ಕವಾಟ ತಡೆಯುವುದರಿಂದ ಹಿಗ್ಗಿದ ನೀರಿಗೆ ದಾರಿಯಿಲ್ಲದೆ ಒತ್ತಡ ಏರಿ, ಸುರಕ್ಷಾ ಕವಾಟದಿಂದ ನೀರು ತೊಟ್ಟಿಕ್ಕುತ್ತದೆ. ಟ್ಯಾಂಕಿನಿಂದ ಹೀಟರಿನವರೆಗಿನ ಮಾರ್ಗದಲ್ಲಿ ಮತ್ತೊಂದು ಏಕಮುಖ ಕವಾಟವಿಲ್ಲದಿದ್ದರೆ ಈ ಹೆಚ್ಚುವರಿ ನೀರನ್ನು ಟ್ಯಾಂಕ್ ಹೀರಿಕೊಳ್ಳುತ್ತದೆ. ಏನೇ ಆದರೂ ತೊಟ್ಟಿಕ್ಕುವ ಸುರಕ್ಷಾ ಕವಾಟವನ್ನು ಮುಚ್ಚಿಬಿಡುವುದು ಪ್ರಾಣಾಪಾಯಕ್ಕೆ ಆಹ್ವಾನ. ಹೀಟರ್ ಸಿಡಿಯದಂತೆ ಕಾಯುವುದು ಅದೇ.

ಶಿಬಿರತಾಣದ ನಲ್ಲಿಗೆ ಜೋಡಿಸುವಾಗ ಒತ್ತಡ ನಿಯಂತ್ರಕವನ್ನು ಬಳಸುವುದನ್ನು ಮರೆಯಬಾರದು. ಹೊರಗಿನ ಒತ್ತಡ ಮಿತಿಮೀರಿದರೆ ಕೊಳವೆಯಂತೆಯೇ ಟ್ಯಾಂಕಿಗೂ ಅಪಾಯ.

ಎಲ್ಲರಿಗೂ ಬೇಕೆ?

ಬೇಡಿಕೆಗೆ ತಕ್ಕಂತೆ ತಾನೇ ವೇಗ ಬದಲಿಸಿಕೊಳ್ಳುವ ಪಂಪುಗಳೂ ಮಾರುಕಟ್ಟೆಯಲ್ಲಿವೆ. ಇವುಗಳಲ್ಲಿ ಕೆಲವಕ್ಕೆ ಟ್ಯಾಂಕ್ ಅನಗತ್ಯವೆಂದು ತಯಾರಕರೇ ಹೇಳುತ್ತಾರೆ. ಟ್ಯಾಂಕ್ ಕೊಳ್ಳುವ ಮುನ್ನ ಪಂಪಿನ ಕೈಪಿಡಿ ಓದುವುದು ಅಗತ್ಯ. ಯಾವ ನಲ್ಲಿಯೂ ತೆರೆದಿಲ್ಲದಿದ್ದರೂ ಪಂಪ್ ಆಗಾಗ ಆರಂಭವಾಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಏಕಮುಖ ಕವಾಟ ಕೆಟ್ಟಿದೆ ಎಂದರ್ಥ. ಇಂಥಲ್ಲಿ ಟ್ಯಾಂಕ್ ಜೋಡಿಸಿದರೆ ರೋಗ ಮರೆಯಾಗುತ್ತದೆಯೇ ಹೊರತು ಗುಣವಾಗುವುದಿಲ್ಲ.

ಚಳಿಗಾಲ ಮತ್ತು ಶುಚಿತ್ವ

ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲಕ್ಕೆ ವಾಹನ ನಿಲ್ಲಿಸುವವರು ಕೊಳವೆಗಳ ನೀರನ್ನು ಖಾಲಿ ಮಾಡುತ್ತಾರೆ. ಹೆಪ್ಪುಗಟ್ಟಿದ ನೀರು ಹಿಗ್ಗಿ ಕೊಳವೆ ಒಡೆಯುತ್ತದೆ. ಟ್ಯಾಂಕಿನಲ್ಲಿ ನೀರು ಉಳಿದಿದ್ದರೆ ಅದೂ ಹಾಳಾಗಬಹುದು. ಅಲ್ಲದೆ ಕೊಳವೆಗೆ ತುಂಬಿಸುವ ಘನೀಕರಣ ನಿರೋಧಕ ದ್ರವವನ್ನು ಆ ನೀರು ತೆಳುಗೊಳಿಸುತ್ತದೆ. ಆದ್ದರಿಂದ ಟ್ಯಾಂಕನ್ನು ಮೊದಲು ಬರಿದು ಮಾಡಬೇಕು. ಬಳಸುವ ದ್ರವವು ಆರ್.ವಿ. ನೀರಿನ ಕೊಳವೆಗಳಿಗೆಂದೇ ತಯಾರಾದ ಪ್ರೊಪಿಲೀನ್ ಗ್ಲೈಕಾಲ್ ಆಗಿರಬೇಕು. ಕಾರಿನ ರೇಡಿಯೇಟರಿಗೆ ಸಾಮಾನ್ಯವಾಗಿ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ.

ತಿಂಗಳುಗಟ್ಟಲೆ ನಿಂತ ನೀರನ್ನು ಕುಡಿಯಲು ಬಳಸಬಾರದು. ಪ್ರವಾಸಕ್ಕೆ ಮುನ್ನ ವ್ಯವಸ್ಥೆಯನ್ನು ಬ್ಲೀಚ್ ದ್ರಾವಣದಿಂದ ಶುದ್ಧಗೊಳಿಸುವಾಗ ಅದು ಪ್ರೆಷರ್ ಟ್ಯಾಂಕನ್ನೂ ಹೊಕ್ಕು ಹೊರಬರುವಂತೆ ಪಂಪನ್ನು ಕೆಲವು ಬಾರಿ ಆನ್-ಆಫ್ ಮಾಡಿ, ಬಳಿಕ ವಾಸನೆ ಹೋಗುವವರೆಗೆ ಶುದ್ಧ ನೀರು ಹರಿಸಬೇಕು.

ನಮ್ಮ ಮನೆಗಳಿಗೂ ಅನ್ವಯ

ಕರ್ನಾಟಕದ ನಗರವಾಸಿಗಳಿಗೆ ಈ ವಿಚಾರ ದೂರದ್ದಲ್ಲ. ಓವರ್‌ಹೆಡ್ ಟ್ಯಾಂಕಿನ ನೀರಿನ ಒತ್ತಡ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 14 ಪಿ.ಎಸ್.ಐ. ಮಾತ್ರ. ಟ್ಯಾಂಕಿನಿಂದ 3 ಮೀಟರ್ ಕೆಳಗಿರುವ ಮೇಲಂತಸ್ತಿನ ಷವರಿಗೆ ದೊರೆಯುವುದು ಸುಮಾರು 4 ಪಿ.ಎಸ್.ಐ. ಅದಕ್ಕಾಗಿಯೇ ಪ್ರೆಷರ್ ಪಂಪುಗಳ ಮೊರೆ ಹೋಗುವವರಿದ್ದಾರೆ. ಹಿಂದೆ ಸದ್ದಿಲ್ಲದೆ ನಡೆಯುತ್ತಿದ್ದ ಪಂಪ್ ಈಗ ನಲ್ಲಿ ತೆರೆದಾಗಲೆಲ್ಲ ಟಕಟಕನೆ ಆನ್-ಆಫ್ ಆಗುತ್ತಿದ್ದರೆ ಹೊಸ ಪಂಪ್ ಕೊಳ್ಳುವ ಮೊದಲು ಟ್ಯಾಂಕಿನ ಗಾಳಿಯನ್ನು ಪರೀಕ್ಷಿಸಬೇಕು.

ಪಂಪಿಗೆ 230 ವೋಲ್ಟ್ ವಿದ್ಯುತ್ ಹರಿಯುವುದರಿಂದ ಮೊದಲು ಎಂ.ಸಿ.ಬಿ. ಆರಿಸಬೇಕು. ಪಂಪ್ ಮತ್ತು ಓವರ್‌ಹೆಡ್ ಟ್ಯಾಂಕಿನ ನಡುವಿನ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಒತ್ತಡ ಇಳಿಸಿ, ಪ್ರೆಷರ್ ಟ್ಯಾಂಕಿನ ತುದಿಯ ಮುಚ್ಚಳ ತೆಗೆದರೆ ಟೈರಿನಲ್ಲಿರುವಂಥದೇ ಕವಾಟ ಕಾಣುತ್ತದೆ. ಅದರ ಪಿನ್ ಒತ್ತಿದಾಗ ಗಾಳಿ ಬಂದರೆ ಒತ್ತಡ ಅಳೆದು ಸರಿಪಡಿಸಬಹುದು. ನೀರು ಬಂದರೆ ಒಳಗಿನ ರಬ್ಬರ್ ಚೀಲ ಹರಿದಿದೆ ಎಂದರ್ಥ. ಚೀಲವನ್ನೋ ಟ್ಯಾಂಕನ್ನೋ ಬದಲಿಸಬೇಕು. ಗಾಳಿಕೊಳವೆ ತೆರೆದಿರುವ ಮಾದರಿಯ ಸೋಲಾರ್ ವಾಟರ್ ಹೀಟರ್ ಇರುವ ಮನೆಗಳಲ್ಲಿ ಪ್ರೆಷರ್ ಪಂಪಿನ ನೀರನ್ನು ಅದಕ್ಕೆ ನೇರವಾಗಿ ಜೋಡಿಸಿದರೆ ಚಾವಣಿಯ ಮೇಲೆ ನೀರು ಉಕ್ಕಿ ಹರಿಯುತ್ತದೆ ಎಂಬುದೂ ನೆನಪಿರಲಿ.

ವಾಹನವಾಗಲಿ ಮನೆಯಾಗಲಿ, ಆರು ತಿಂಗಳಿಗೊಮ್ಮೆ ಗಾಳಿಯ ಒತ್ತಡ ಪರೀಕ್ಷಿಸಲು ಹತ್ತು ನಿಮಿಷ ಸಾಕು. ಪ್ರೆಷರ್ ಟ್ಯಾಂಕ್ ಬೇಡುವ ಆರೈಕೆ ಬಹುಮಟ್ಟಿಗೆ ಇಷ್ಟೇ.